ಗಂಗಿ ನಿನ್ನ ದನಿಗೂ ಹಾಲ ಬಿಡಲಿ

ತಾರವ್ವಾ,

ಗಂಗಿಯ ಎರಡು ಮೊಲಿ ಹಿಂಡೀನಿ, ಇನ್ನೆರಡು ಬೇಕಂತಲೇ ನಿನಗ ಬಿಟ್ಟೀನಿ. ಈ ಎಮ್ಮಿ ನನ್ನ ದನಿ ಕೇಳದ ಹಾಲ ಬಿಡೂದಿಲ್ಲ. ಕೊರಳಿನ ಗಡ್ಡಿ ತಗದ ಮ್ಯಾಲ ಒಂದಷ್ಟ ದಿನ ನನ್ನ ದನಿ ಒಡದಂಗ ಇರಬಹುದು ಅಂತ ಮಿರಜದ ಡಾಕ್ಟರ್ ಹೇಳ್ಯಾರ. ಅದಕ್ಕ ಇವತ್ತಿಂದ ನೀನ ಕರಿ. "ಬಾ ನನ್ನವ್ವಾ" ಅಂತ ಮೆತ್ತಗ ಅನ್ನು. ಅಳಕೋತ ಕರದರ ಅದು ಒದೀತೈತಿ, ಸಂಜಿಗೆ ಬಂದು ನಾನೂ ಬೈತೀನಿ.

ಹಿಂಡಿ ನೆನಿ ಹಾಕೀನಿ. ಇವತ್ತ ರಕ್ತಾ ತೋರಿಸೂದಷ್ಟ ಐತಿ, ಆಪರೇಶನ್ ಮುಂದಿನ ಸೋಮವಾರ. ನಿಮ್ಮ ಭಾವ ಜೋಡಿ ಬರಾಕತ್ತಾರ. ನನಗಿಂತ ಅವರ ಮುಖಾನ ಸಣ್ಣದಾಗೈತಿ.

ನನ್ನ ಅಕ್ಷರ ತಿಳೀಲಿಲ್ಲಂದ್ರ ತಪ್ಪು ನಿಂದ. ರಾತ್ರಿ ಸಾಲ್ಯಾಗ ನಾ ಬರಿಯೂದ ಕಲಿಯುವಾಗ ನೀ ಗ್ವಾಡಿಗೆ ಒರಗಿ ಗೊರಕಿ ಹೊಡೀತಿದ್ದಿ.

ಉಗಾರದ ಗಿರಿಜವ್ವಗೂ ಇದ ರೋಗ ಇತ್ತಲ್ಲ. ಆಪರೇಶನ್ ಆದ ಮ್ಯಾಲ ಆಕಿ ಮೊದಲಿಗಿಂತ ಜಾಸ್ತಿ ಮಾತಾಡ್ತಾಳ. ನನ್ನ ಆಪರೇಶನ್ ದಿನ ಬಂದು ಬಾಜೂಕ ಕೂಡು ಅಂತ ಆಕಿಗೆ ಬರದ ಕಾಗದ ಹಿಟ್ಟಿನ ಡಬ್ಬಿ ಹಿಂದನ ಉಳದಿತ್ತು. "ಅಕ್ಕಾ, ಕಳಿಸಿ ಬಿಡ್ರಿ" ಅಂತ ನೀ ದಿನಾ ಅಂದಿ. ರೋಗದ ಹೆಸರಿನ ಜಾಗಾ ಖಾಲಿ ಬಿಟ್ಟಿದ್ನಿ, ತಾರವ್ವಾ. ಬರದರ ಖರೇ ಆಗತೈತೇನೋ ಅಂತ ಕೈ ಏಳಲಿಲ್ಲ. ಇವತ್ತ ಬರದೀನಿ. ಥೈರಾಯ್ಡ್ ಕ್ಯಾನ್ಸರ್. ಬರದ ಮ್ಯಾಲ ನೋಡಿದ್ರ, ಅದೂ ಉಳಿದ ಅಕ್ಷರದಷ್ಟ ದಪ್ಪ ಐತಿ.

ಟಪಾಲಿನ ಭೀಮಸಿ ಬಾಗಲದಾಗ ಸೈಕಲ್ ಗಂಟಿ ಹೊಡ್ಯಾಕತ್ತಾನ. ತಡಿ.

ಕೊಟ್ಟ ಬಂದ್ನಿ. ಗಿರಿಜವ್ವನ ಕಾಗದ ಹೋತು.