ಮೊದಲ ಸಹಿ ಹ್ಯಾನಾಳದು

೯ ಮೇ ೧೯೮೩, ಸೋಮವಾರ

ಪಕ್ಷದ ಆಫೀಸಿನ ಗೋಡೆಯ ಫಲಿತಾಂಶದ ಹಲಗೆ ಒರೆಸ್ತಾ ಇದ್ದೆ. ರೇಡಿಯೋದಲ್ಲಿ ಬಂತು — ಜೂನ್ ಒಂಬತ್ತಕ್ಕೆ ಪಾರ್ಲಿಮೆಂಟ್ ಚುನಾವಣೆ. ಕೆಟಲ್ ಕುದಿದು ಕುದಿದು ಬತ್ತಿಹೋಯ್ತು, ಗಮನಕ್ಕೇ ಬರಲಿಲ್ಲ.

ಹಲಗೆ ಬಾಯಿಪಾಠ. ೧೯೨೩ — ತೊಂಬತ್ತೇಳು ವೋಟಿನ ಗೆಲುವು. ಅಪ್ಪ ಗೆದ್ದವನನ್ನು ಹೆಗಲ ಮೇಲೆ ಹೊತ್ತು ಸೊಂಟ ಹಿಡಿಸಿಕೊಂಡವನು, ಸಾಯೋವರೆಗೂ ಅದನ್ನೇ ಹೇಳಿದ. ೧೯೩೧ — ಸೋಲು. ಅದೊಂದೇ. ೧೯೪೫ — ಹನ್ನೊಂದು ಸಾವಿರದ ಆರುನೂರ ನಲವತ್ತು. ಅಲ್ಲಿಂದ ಬರೀ ಇಳಿಜಾರು. ಗಿರಣಿ ಒಂದೊಂದು ಮುಚ್ಚಿದ ಹಾಗೆ ಅಂತರವೂ ಸಣ್ಣಗಾಯ್ತು. ಕಳೆದ ಸಲ ಆರುನೂರ ನಲವತ್ತೆರಡು.

ಈ ಸಲ ಗಡಿಯೇ ಬೇರೆ. ಆಸ್ಕರ್‌ಡೇಲ್ ಕ್ಷೇತ್ರ ಅನ್ನೋ ಹೆಸರು ಮಾತ್ರ ಹಳೇದು. ನಾವು ಸೋತ ಹಾಗೇ ಅಂತ ಪೇಪರಿನವರು ಬರೆದಾಗಿದೆ. ಇಪ್ಪತ್ತೆಂಟು ವರ್ಷ ಈ ಪಕ್ಷದ ಚುನಾವಣಾ ಏಜೆಂಟು ನಾನು. ನನ್ನ ಕೈಯಲ್ಲಿ ಹೋಗಬಾರದು. ದೇವರೇ, ನನ್ನ ಕೈಯಲ್ಲಿ ಬೇಡ.

೧೧ ಮೇ, ಬುಧವಾರ

ಹ್ಯಾನಾ ಸಗ್ಡನ್ ಬಂದಿದ್ದಳು. ಎಪ್ಪತ್ತೆಂಟು. ಮಗ್ಗದ ಸದ್ದಿಗೆ ಕಿವಿ ಅರ್ಧ ಹೋಗಿದೆ. ಬಾಯಿ ಪೂರ್ತಿ ಇದೆ.

“ಏನೋ ವಿಲ್ಫ್, ಕಾಗದ ರೆಡಿನಾ? ನಾನಿನ್ನೂ ಸತ್ತಿಲ್ಲ ಅಂತ ಊರಿಗೆ ಗೊತ್ತಾಗ್ಲಿ.”

ನಾಮಪತ್ರಕ್ಕೆ ಕ್ಷೇತ್ರದ ಹತ್ತು ಮತದಾರರ ಸಹಿ ಬೇಕು. ನಮ್ಮಲ್ಲಿ ಮೊದಲ ಸಹಿ ಸಗ್ಡನ್ ಮನೆಯದು. ೧೯೨೩ರಲ್ಲಿ ಹ್ಯಾನಾಳ ಅಮ್ಮ ಹಾಕಿದ್ದು. ೧೯೩೧ರಲ್ಲಿ ಅವರ ಮನೆಗೆ ಕೆಂಪು ಜ್ವರ ಬಂದು ಡಾಕ್ಟರು ಯಾರನ್ನೂ ಹೊರಗೆ ಬಿಡಲಿಲ್ಲ. ಬೇರೆಯವರು ಹಾಕಿದರು, ಸೋತೆವು. ೩೫ರಿಂದ ಹ್ಯಾನಾ. ಒಂದು ಉಪಚುನಾವಣೆಯೂ ಸೇರಿ ಹದಿಮೂರು ಚುನಾವಣೆ, ಹದಿಮೂರೂ ಗೆಲುವು. ಮೂಢನಂಬಿಕೆ ಅಂದರೆ ಹೊಡೆತ ಬೀಳುತ್ತೆ ಇಲ್ಲಿ. ಪದ್ಧತಿ ಅನ್ನಬೇಕು.

“ನಾಳೇನೇ ಹಾಕ್ತೀನಿ” ಅಂದಳು. ನಾನು ಹೂಂ ಅಂದೆ. ಅಂದುಬಿಟ್ಟೆ!

ಇಲ್ಲೂ ಬರೆಯದೇ ಇಟ್ಟಿದ್ದನ್ನ ಬರೀಬೇಕು. ಹ್ಯಾನಾ ಈಗ ನಮ್ಮ ಕ್ಷೇತ್ರದಲ್ಲಿಲ್ಲ. ಅವಳ ಬೀದಿ ಟೆಂಟರ್ ರೋನ ನಲವತ್ತು ಮನೆ ಪಕ್ಕದ ಕ್ಷೇತ್ರಕ್ಕೆ ಹೋಗಿವೆ. ಕೊಟ್ಟವನು ನಾನೇ. ಮೂರು ವರ್ಷದ ಹಿಂದೆ ಗಡಿ ವಿಚಾರಣೆಯಲ್ಲಿ ಎದ್ದು ನಿಂತು, ಗೆರೆ ತೊರೆಯ ಉದ್ದಕ್ಕೂ ಹೋಗಲಿ ಅಂತ ವಾದಿಸಿದೆ. ತೊರೆಯಾಚೆಯ ನಲವತ್ತು ಮನೆ ಬಿಟ್ಟು, ಗುಡ್ಡದ ಮೇಲೆ ಕೌನ್ಸಿಲ್ ಕಟ್ಟಿ ಬಾಡಿಗೆಗೆ ಕೊಟ್ಟ ಮನೆಗಳನ್ನು ತಂದೆ. ಒಂಬೈನೂರು ವೋಟು. ಆವತ್ತು ಖುಷಿಗೆ ಎರಡು ಪೋರ್ಕ್ ಪೈ ತಿಂದೆ.

ಜನವರಿಯಲ್ಲಿ ಅವಳು ಬಿದ್ದು ಸೊಂಟ ಮುರ್ಕೊಂಡು ಆಸ್ಪತ್ರೆಯಲ್ಲಿದ್ದಾಗ ಕೇಳಿದ್ದಳು. “ಏನೋ ಗಡಿ ಬದಲಾಯಿಸ್ತಾರಂತಲ್ಲೋ. ನಾನು ಒಳಗಿದೀನಿ ತಾನೆ?” ಮೂಗಿಗೆ ನಳಿಗೆ ಹಾಕಿದ್ರು. ಒಳಗೇ ಇದೀಯ ಅಂದೆ. ಏನು ಮಾಡಲಿ?

೧೮ ಮೇ, ಬುಧವಾರ. ಮಧ್ಯಾಹ್ನ

ಒಂದು ವಾರ ಹ್ಯಾನಾಗೆ ಏನೇನೋ ನೆಪ ಹೇಳಿ ತಳ್ಳಿದೆ. ದಾರಿ ಹೊಳೆದಿದೆ. ಎರಡು ನಾಮಪತ್ರ. ಒಂದರಲ್ಲಿ ಮೊದಲು ಹ್ಯಾನಾ, ಹೋದ ವರ್ಷದ ಮತದಾರರ ಪಟ್ಟಿಯ ನಂಬರಿನ ಜೊತೆ — ಅದು ಬರೀ ತೋರಿಕೆಗೆ, ಡ್ರಾಯರಿನಲ್ಲಿ ಕೊಳೆಯಲಿ. ಇನ್ನೊಂದರಲ್ಲಿ ಅವಳ ಜಾಗಕ್ಕೆ ನಾನು. ಉಳಿದ ಒಂಬತ್ತು ಜನ ಎರಡಕ್ಕೂ ಸಹಿ ಹಾಕಿದಾರೆ. ಕೊನೇ ದಿನ ಮೂರು ಗಂಟೆಗೆ, ನಮ್ಮೂರಿನ ಏಜೆಂಟರೆಲ್ಲ ಹೋಗೋ ಹೊತ್ತಿಗೆ, ನಿಜವಾದದ್ದು ಕೊಡ್ತೀನಿ. ಅವಳಿಗೆ ಗೊತ್ತಾಗೋದೇ ಇಲ್ಲ.

ನಮ್ಮ ಅಭ್ಯರ್ಥಿ ಡೆರಿಕ್ ಫಾಸೆಟ್ ಭೂಗೋಳದ ಮೇಷ್ಟ್ರು. “ಎರಡ್ಯಾಕೆ ವಿಲ್ಫ್?” ಅಂದ.

“ಒಂದು ಕಳೆದ್ರೆ ಇನ್ನೊಂದಿರ್ಲಿ ಅಂತ.”

ಹ್ಯಾನಾ ನಾಲಿಗೆ ಕಚ್ಚಿಕೊಂಡು, ಶಾಲೆ ಹುಡುಗಿ ಥರ ಸಹಿ ಹಾಕಿದಳು. ಹೊಸ ಟೋಪಿ, ಕೆಂಪು ರಿಬ್ಬನ್ನಿನ ಹೂ. ಕಾಗದ ಮಡಚಿ ಡ್ರಾಯರಿಗೆ ಹಾಕಿದೆ.

೨೩ ಮೇ, ಸೋಮವಾರ. ಸಂಜೆ ಆರು

ಎಲ್ಲಾ ಮುಗೀತು.

ಆದ್ರೂ ಬರೀತೀನಿ. ಬೆಳಗ್ಗೆ ಲೀಡ್ಸ್‌ಗೆ ಹೋಗಬೇಕಾಯ್ತು, ಕರಪತ್ರದಲ್ಲಿ ಡೆರಿಕ್‌ನ ಹೆಸರೇ ತಪ್ಪಾಗಿ ಅಚ್ಚಾಗಿತ್ತು. ವಾಪಸ್ಸು ಬಂದು ಕೋಟಿನ ಒಳಜೇಬಿನಲ್ಲಿ ನಿಜವಾದ ನಾಮಪತ್ರ ಇಟ್ಕೊಂಡು ಟೌನ್ ಹಾಲಿಗೆ ಹೋದಾಗ ಮೂರಕ್ಕೆ ಹತ್ತು ನಿಮಿಷ.

ಚುನಾವಣೆ ಗುಮಾಸ್ತ ಟ್ಯಾಟರ್‌ಸಾಲ್ ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದ. ಮುಖ ಬಿಳಿಚಿತ್ತು.

“ವಿಲ್ಫ್, ನಿಮ್ಮದು ಹನ್ನೊಂದಕ್ಕೇ ಬಂತಲ್ಲ. ಫಾಸೆಟ್, ಆ ಅಜ್ಜಿ ಇಬ್ಬರೂ ಬಂದು ಕೊಟ್ಟುಹೋದ್ರು. ನಿನ್ನ ಕಾಗದ ಅಂತ ನಾನೂ ಆಗ ನೋಡ್ಲಿಲ್ಲ, ಎಂದಾದ್ರೂ ತಪ್ಪಿರುತ್ತಾ? ಈಗ ಪಟ್ಟಿ ಇಟ್ಕೊಂಡು ನೋಡಿದ್ರೆ ಮೊದಲನೇ ಹೆಸರೇ ಇಲ್ಲ ಮಾರಾಯ.”

ಡ್ರಾಯರಿನದು! ನನಗೊಂದು ಕೆಲಸ ಕಮ್ಮಿಯಾಗಲಿ ಅಂತ ಹ್ಯಾನಾ ಅದನ್ನ ತೆಗೆದು, ಡೆರಿಕ್‌ನ ಎಳ್ಕೊಂಡು ಬಂದಿದಾಳೆ. ಒಳ್ಳೇದು ಮಾಡೋಕೆ.

ಜೇಬಿನದು ಮುಂದಿಟ್ಟೆ. ಅವನು ಓದಿ ತಲೆ ಅಲ್ಲಾಡಿಸಿ ವಾಪಸ್ಸು ಕೊಟ್ಟ. ಒಬ್ಬರು ಎರಡಕ್ಕೆ ಸಹಿ ಹಾಕಿದರೆ ಮೊದಲು ತಲುಪಿದ್ದರಲ್ಲಿ ಮಾತ್ರ ಲೆಕ್ಕ. ಆ ಒಂಬತ್ತೂ ಸುಟ್ಟುಹೋಯ್ತು. ಉಳಿದದ್ದು ನಾನೊಬ್ಬ. ಇಪ್ಪತ್ತೆಂಟು ವರ್ಷ ಹೊಸಬರಿಗೆಲ್ಲ ಪಾಠ ಹೇಳಿದ ನಿಯಮ ಇದು.

“ನಾಲ್ಕರವರೆಗೆ ಟೈಮಿದೆ. ಓಡು” ಅಂದ. ಹೊಸ ಫಾರಂ ಕೊಟ್ಟ.

ಓಡಿದೆ. ಅರವತ್ತನಾಲ್ಕು ವಯಸ್ಸಿನ ಕಾಲು. ಪಬ್ಬು ಮೂರಕ್ಕೇ ಮುಚ್ಚಿತ್ತು. ಚೆಂಡು ಉರುಳಿಸಿ ಆಡೋ ಬೌಲಿಂಗ್ ಮೈದಾನದ ಹತ್ತಿರ ಆರು ಮುದುಕರು — ಇಬ್ಬರು ತೊರೆಯಾಚೆಯವರು, ಉಪಯೋಗವಿಲ್ಲ. ನಾಲ್ವರು ಹಾಕಿದರು. “ಆಟ ಮುಗೀಲಿ ತಡಿಯೋ” ಅಂದವನಿಗೆ ಬೈದೆ. ಬಟ್ಟೆ ಒಗೆಯೋ ಅಂಗಡಿಯಲ್ಲಿ ಮೂವರು ಹೆಂಗಸರು. ಪ್ರತಿಯೊಬ್ಬರ ನಂಬರನ್ನೂ ಪಟ್ಟಿಯಲ್ಲಿ ಹುಡುಕಬೇಕು. ಮೀನಂಗಡಿಯವನು ಎಣ್ಣೆಗೈಯಲ್ಲೇ ಒಂದು ಹಾಕಿದ. ನಾನು ಸೇರಿ ಒಂಬತ್ತು. ನಾಲ್ಕಕ್ಕೆ ಎಂಟು ನಿಮಿಷ. ಟೌನ್ ಹಾಲಿನ ಎದುರಿಗೆ ಬಸ್ ಸ್ಟಾಪಿನಲ್ಲಿ ಗುಡ್ಡದ ಮೇಲಿನ ಮಿಸೆಸ್ ಕ್ಲೆಗ್ ನಿಂತಿದ್ದಳು. ಇನ್ನೊಂದೇ.

ಟೌನ್ ಹಾಲಿನ ಮೆಟ್ಟಿಲ ಮೇಲೆ ಹ್ಯಾನಾ ಕೂತಿದ್ದಳು. ಅಭ್ಯರ್ಥಿಗಳ ಹೆಸರು ಹಚ್ಚೋದನ್ನ ನೋಡಿಯೇ ಹೋಗೋದು ಅವಳ ಪದ್ಧತಿ. ಕೋಟಿನ ತೋಳು ಹಿಡಿದಳು.

“ಯಾಕೋ ಹಿಂಗೆ ಓಡ್ತಿದೀಯ? ಏನಾಯ್ತೋ ಮಗಾ?”

“ಏನಿಲ್ಲ ಹ್ಯಾನಾ. ಬಿಡು. ಒಂದು ಸಹಿ ಬೇಕು.”

“ಅಯ್ಯೋ ಅಷ್ಟೇನಾ? ಕೊಡಿಲ್ಲಿ. ನಾನು ಹಾಕ್ತೀನಿ.”

ಕಾಗದ ಅವಳ ಕೈಗೆ ಹೋಗಿಬಿಟ್ಟಿತು. ಕೊನೇ ಸಾಲು ಖಾಲಿ. ಚೀಲದಲ್ಲಿ ಕನ್ನಡಕ ಹುಡುಕೋಕೆ ಶುರು ಮಾಡಿದಳು. ಕರ್ಚೀಫು ಬಂತು, ಪುದೀನ ಮಿಠಾಯಿ ಬಂತು, ಬೀಗದ ಕೈ ಬಂತು.

“ಬೇಡ ಹ್ಯಾನಾ.”

“ಯಾಕೆ ಬೇಡ? ಹದಿಮೂರು ಸಲ ಬೇಕಾಗಿತ್ತಲ್ಲ?”

ಒಂದು ಮಾತು ಸಾಕಿತ್ತು. ನೀನು ಹೊರಗಿದೀಯ. ಅಷ್ಟೇ. ಹೇಳೋ ಬದಲು ಕಾಗದ ಹಿಡಿದೆಳೆದೆ. ಅವಳ ಬೆರಳು ಬಿಡಿಸಿ ಕಾಗದ ಕಿತ್ಕೊಳ್ಳೋಕೆ ಎರಡು ನಿಮಿಷ.

ಮಿಸೆಸ್ ಕ್ಲೆಗ್ ಬಸ್ಸಿಗೆ ಒಂದು ಕಾಲು ಹಾಕಿದ್ದಳು. ಇಳಿಸಿದೆ. ನಂಬರು ಹುಡುಕಿದೆ. ಸಹಿ ಬಿತ್ತು. ಮೆಟ್ಟಿಲು ಹತ್ತುವಾಗ ಗಡಿಯಾರ ಹೊಡೀತಾ ಇತ್ತು. ಟ್ಯಾಟರ್‌ಸಾಲ್ ಮೇಜಿನ ಹತ್ತಿರ ಎದ್ದು ನಿಂತಿದ್ದ. ಎದುರು ಪಕ್ಷದ ಏಜೆಂಟು ತನ್ನ ವಾಚು ತೋರಿಸಿದ. ನಾಲ್ಕು ದಾಟಿ ಎರಡು ನಿಮಿಷ.

“ಆಗಲ್ಲ ವಿಲ್ಫ್” ಅಂದ ಟ್ಯಾಟರ್‌ಸಾಲ್. ಅವನ ಕಣ್ಣಲ್ಲೂ ನೀರಿತ್ತು.

ಅರವತ್ತು ವರ್ಷದಲ್ಲಿ ಮೊದಲ ಸಲ ಆಸ್ಕರ್‌ಡೇಲ್‌ನಲ್ಲಿ ನಮ್ಮ ಅಭ್ಯರ್ಥಿಯೇ ಇಲ್ಲ.

೨೪ ಮೇ

ಡೆರಿಕ್ ಬಂದಿದ್ದ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯಾಕೆ ಹೀಗಾಯ್ತು ಅಂತ ಅವನಿಗೆ ಮಾತ್ರ ಹೇಳಿ, ಬಾಯಿ ಬಿಡಬೇಡ ಅಂತ ಬೇಡಿಕೊಂಡೆ. ಊರಿಗೆಲ್ಲ ಒಂದೇ ಉತ್ತರ — ಮೊದಲ ಕಾಗದದಲ್ಲಿ ನಾನೇ ಏನೋ ತಪ್ಪು ಬರೆದಿದ್ದೆ, ಹೊಸದು ತರುವಾಗ ಗಡಿಯಾರ ನೋಡ್ಕೊಳ್ಳಲಿಲ್ಲ, ಲೇಟಾಯ್ತು.

೨ ಜೂನ್

ಆಫೀಸಿನ ಕಿಟಕಿಗೆ ಕಲ್ಲು. ದುಡ್ಡು ತಿಂದಿದಾನೆ ಅಂತಾರಂತೆ. ಅಂದ್ಕೊಳ್ಳಲಿ. ಹಲಗೆ ಬರೆಯೋ ಪೇಂಟರ್ ಫೋನ್ ಮಾಡಿ, “ಈ ಸಲ ಏನ್ ಬರೀಲಿ?” ಅಂದ. ಇಟ್ಟುಬಿಟ್ಟೆ.

ಹ್ಯಾನಾ ಮಾರ್ಕೆಟ್ಟಿನಲ್ಲಿ ಸಿಕ್ಕಳು. ಎಲ್ಲರೆದುರು ನಿಲ್ಲಿಸಿದಳು.

“ಅಮ್ಮ ಸಹಿ ಹಾಕದೇ ಇದ್ದಾಗಲೂ ಸೋತ್ವಿ ಕಣೋ. ಆದ್ರೆ ನಿಂತು ಸೋತ್ವಿ. ನಾನು ಹಾಕ್ತೀನಿ ಅಂದೆ, ನೀನು ಕಿತ್ಕೊಂಡೆ. ನನ್ನ ಕೈಯಿಂದ ಕಿತ್ಕೊಂಡೆ! ನಿಮ್ಮಪ್ಪ ಇದ್ದಿದ್ರೆ ಮುಖಕ್ಕೆ ಉಗೀತಿದ್ದ.”

ಹೌದು ಅಂದೆ. ನನ್ನ ಮೇಲೆ ಸಿಟ್ಟಿಟ್ಕೊಂಡು ಸಾಯಲಿ. ತನ್ನ ಸಹಿಯಿಂದ ಹೋಯ್ತು ಅಂತ ಗೊತ್ತಾಗಿ ಸಾಯೋದು ಬೇಡ.

೯ ಜೂನ್, ಗುರುವಾರ. ಬೆಳಗ್ಗೆ ಹನ್ನೊಂದು

ಮತದಾನ. ಇಪ್ಪತ್ತೆಂಟು ವರ್ಷದಲ್ಲಿ ಈ ದಿನ ಮನೇಲಿ ಕೂತದ್ದು ಇದೇ ಮೊದಲು. ಮೊಟ್ಟೆ ಬೇಯಿಸಿದೆ, ತಿನ್ನಲಿಲ್ಲ.

ಈಗ ತಾನೆ ಡೆರಿಕ್ ಫೋನ್ ಮಾಡಿದ್ದ. ಹ್ಯಾನಾ ಟೋಪಿ ಹಾಕ್ಕೊಂಡು ಚಾಪೆಲ್ ಶಾಲೆಯ ಮತಗಟ್ಟೆಗೆ ಹೋಗಿದ್ದಳಂತೆ. ಚೀಟಿ ಮೇಲೆ ಕೈಯಾರೆ ಡೆರಿಕ್‌ನ ಹೆಸರು ಬರೆದು ಹಾಕ್ತೀನಿ, ಹಾಳಾದ್ರೆ ಹಾಳಾಗ್ಲಿ ಅಂತ. ಅಲ್ಲಿಯವರು ಅವಳು ಓದದೇ ತಂದಿದ್ದ ಮತದಾರರ ಕಾರ್ಡು ನೋಡಿ, ಅಮ್ಮಾ ನಿಮ್ಮ ವೋಟು ಇಲ್ಲಿಲ್ಲ, ನಿಮ್ಮ ಬೀದಿ ಪಕ್ಕದ ಕ್ಷೇತ್ರಕ್ಕೆ ಸೇರಿದೆ ಅಂದರಂತೆ. ಎಂದಿನಿಂದ ಅಂತ ಕೇಳಿದಳಂತೆ. ಹೇಳಿದರಂತೆ. ಕಾರ್ಡು ವಾಪಸ್ಸು ಇಸ್ಕೊಂಡು ಒಬ್ಬಳೇ ಹೊರಟಳಂತೆ. “ಯಾವ ಕಡೆ?” ಅಂದೆ. “ನಿಮ್ಮ ಮನೆ ಕಡೆ” ಅಂದ.

ಗೇಟಿನ ಸದ್ದು. ಕಿಟಕಿಯಿಂದ ಕಾಣ್ತಿದೆ — ಟೋಪಿ, ಕೆಂಪು ಹೂ, ಕೈಯಲ್ಲಿ ಕಾರ್ಡು. ಕೋಲೂರಿಕೊಂಡು ನಿಧಾನಕ್ಕೆ ಬರ್ತಿದಾಳೆ. ಅಳ್ತಿದಾಳೆ.

ಬಾಗಿಲು ಬಡಿದಳು.

“ವಿಲ್ಫ್... ನನ್ನಿಂದಾನಾ?”

ಇಲ್ಲ ಹ್ಯಾನಾ. ನನ್ನಿಂದ. ಗೆರೆ ಎಳೆಸಿದ್ದು ನಾನು, ನಿನ್ನ ಬಿಟ್ಟುಕೊಟ್ಟಿದ್ದು ನಾನು — ಹೀಗೇ ಹೇಳಬೇಕು, ಇಷ್ಟೇ, ಬಾಗಿಲು ತೆಗೆದ ತಕ್ಷಣ, ಅವಳು ಇನ್ನೊಂದು ಸಲ ಕೇಳೋದರೊಳಗೆ —