ಬೆಟ್ಟದ ಮೇಲೆ ನೀನು ಬಂದಿದ್ದೆ

ತಂಗೀ,

ಗಾಬರಿಯಾಗಬೇಡ, ಗಟ್ಟಿಯಾಗಿದ್ದೇನೆ. ಇಲ್ಲಿ ಹಿಮದ ಬೆಟ್ಟ ಹತ್ತುವವರಿಗೆ ನನ್ನ ಡಾಕ್ಟರ್ ಮಗಳು ಪ್ರಥಮ ಚಿಕಿತ್ಸೆ ಕಲಿಸುತ್ತಾಳಲ್ಲ, ಅವರ ಅಭ್ಯಾಸಕ್ಕೆ ಸುಳ್ಳು ರೋಗಿ ನಾನೇ. ನಿನ್ನೆ ಪಾಠ ಮೇಲಿನ ತಂಗುಮನೆಯಲ್ಲಿತ್ತು. ಮೋಡ ಕಿಟಕಿಯಿಂದ ಒಳಗೆ ಬಂದು ಬೆಂಚುಗಳ ಮೇಲೆ ಕೂತಿತು. ನನ್ನ ಮೈ ಹತ್ತಿಯಂತೆ ಹಗುರಾಯಿತು. ನೋಡಿದರೆ ನೀನು! ಚಿಕ್ಕಂದಿನಂತೆ ಎರಡು ಜಡೆ ಹಾಕಿಕೊಂಡು, ಕಾಲಾಡಿಸುತ್ತ ಕೂತಿದ್ದೀಯ.

"ಯಾವಾಗ ಬಂದ್ಯೇ, ಬಾಯಿಬಡುಕಿ?" ಎಂದೆ.

"ಅಜ್ಜಿ ಏನ್ ನಟನೆ ಮಾಡ್ತಾರಪ್ಪ!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳು ಮಾತ್ರ ನಗದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. "ಅಮ್ಮಾ, ಈ ಗೆರೆ ಮೇಲೆ ನಡಿ" ಎಂದಳು. ಗೆರೆ ಹಾವಿನಂತೆ ಹರಿದಾಡಿತು; ನಾನು ಗೋಡೆಗೆ ಒರಗಿದೆ.

"ಇದು ನಾಟಕ ಅಲ್ಲ, ಎತ್ತರದ ತೆಳು ಗಾಳಿ ಮಿದುಳಿಗೇ ಹೊಡೆದಿದೆ. ಈಗ್ಲೇ ಕೆಳಗಿಳಿಸಿ!" ಎಂದು ಮಗಳು ಕೂಗಿದಳು.

ಚಪ್ಪಾಳೆ ತಟ್ಟಿದ ಕೈಗಳೇ ನನ್ನನ್ನು ಸ್ಟ್ರೆಚರಿನಲ್ಲಿ ಹೊತ್ತು ಇಳಿಸಿದವು. "ನನ್ ತಂಗೀನ ಬಿಟ್ಟು ಬರಲ್ಲ" ಎಂದು ದಾರಿಯುದ್ದಕ್ಕೂ ಅವರನ್ನು ಬೈದೆನಂತೆ.

ಈಗ ಕೆಳಗಿನ ಆಸ್ಪತ್ರೆಯಲ್ಲಿದ್ದೇನೆ. ತಲೆ ನೆಟ್ಟಗಿದೆ, ಊಟ ಸೇರುತ್ತಿದೆ. ಇಳಿದಷ್ಟೂ ನೀನು ಮಸುಕಾದೆ, ಅದೊಂದೇ ಬೇಜಾರು. ಬೇಗ ಊರಿಗೆ ಬರುತ್ತೇನೆ. ಮಂಡಿನೋವಿನ ನೆಪ ಹೇಳದೆ ಬಸ್ ನಿಲ್ದಾಣಕ್ಕೆ ಬಾ. ನರೆತ ಜಡೆಯಾದರೂ ಸಾಕು.

ಕಾರ್ಡಿನ ಅಂಚು ಬಂತು,
ಅಕ್ಕ