ಬೆಕ್ಕಿಗೆ ತುಂಬಿಸಿದ ಕ್ಯಾಸೆಟ್

ಗುರುವಾಯನಕೆರೆ
9-2-2004

ಪ್ರೀತಿಯ ಮಗಳು ಉಝ್ಮಾ,

ಅಸ್ಸಲಾಮು ಅಲೈಕುಂ.

ಹಾಗಲ್ಲ ಮಗಳೇ, ನಿನ್ನೆ ಫೋನ್ ಲೈನ್ ಕಟ್ಟಾದದ್ದಲ್ಲ, ನಾನೇ ಇಟ್ಟದ್ದು. "ಉಮ್ಮನ ಕ್ಯಾಸೆಟ್ ಯಾವಾಗ ಬಂಟ್ವಾಳಕ್ಕೆ ತರ್ತೀರಿ ಉಪ್ಪ? ಮಗುವಿಗೆ ಅಜ್ಜಿಯ ಸ್ವರ ಕೇಳಿಸಬೇಕು" ಎಂದು ನೀನು ಮೂರನೇ ಸಲ ಕೇಳಿದಾಗ ರಿಸೀವರ್ ಕೆಳಗಿಟ್ಟುಬಿಟ್ಟೆ. ಎರಡು ತಿಂಗಳಿಂದ ಪತ್ರ ಬರೆಯದ್ದಕ್ಕೂ ಅದೇ ಕಾರಣ. ಇನ್ ಶಾರ್ಟ್ ಹೇಳಿಬಿಡ್ತೇನೆ. ಇನ್ ಶಾರ್ಟ್ ಎಂದು ಶುರುಮಾಡಿ ಉದ್ದ ಎಳೆಯುವುದು ನನ್ನ ಕಾಲೇಜಿನ ಕಾಲದ ರೋಗ, ನಿನಗೆ ಗೊತ್ತುಂಟು.

ವಾರದಲ್ಲಿ ಮೂರು ದಿನ ನಾನು ಮೂಡಬಿದ್ರೆಯಲ್ಲಿ, ಅಣ್ಣನ ಬಟ್ಟೆ ಅಂಗಡಿಯಲ್ಲಿ. ಆ ಮೂರು ದಿನ ನಿನ್ನ ಉಮ್ಮ ಸಾಕಿದ ಬೆಕ್ಕು ಏನನ್ನೂ ಮುಟ್ಟುತ್ತಿರಲಿಲ್ಲ. ಹೊಟ್ಟೆಯ ರೋಮವನ್ನೆಲ್ಲ ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿತ್ತು. ಬುಟ್ಟಿಯಲ್ಲಿ ಹಾಕಿ ಬೆಳ್ತಂಗಡಿಯ ದನದ ಡಾಕ್ಟರರಿಗೆ ತೋರಿಸಿದೆ. "ರೋಗ ಏನಿಲ್ಲ, ಲೋನ್ಲಿನೆಸ್. ನಿಮ್ಮ ಹಳೆ ಬನಿಯನ್ ಒಗೆಯದೆ ಅದು ಮಲಗುವಲ್ಲಿ ಹಾಕಿ. ದಿನಾ ಒಂದೇ ಹೊತ್ತಿಗೆ ಒಬ್ಬರೇ ಮೀನು ಕೊಡಲಿ. ನಿಮ್ಮ ಸ್ವರ ಕೇಳಿದರೆ ಇನ್ನೂ ಒಳ್ಳೆಯದು" ಎಂದರು. ಲೋನ್ಲಿನೆಸ್ ನಮಗೆ ಪಿಯುಸಿಯಲ್ಲಿ ಪಾಠಕ್ಕಿತ್ತು. ಅರ್ಥ ಬರೆದು ಎರಡು ಮಾರ್ಕು ತೆಗೆದವ ನಾನು.

ಈಗ ಪಕ್ಕದ ಮನೆಯ ಬೀಪಾತುಮ್ಮ ಐದು ಗಂಟೆಗೆ ಸರಿಯಾಗಿ ಬೂತಾಯಿ ಮೀನು ಹಾಕ್ತಾರೆ. ಸ್ವರಕ್ಕೆಂದು ನಾನು ಟೇಪ್ ರೆಕಾರ್ಡರಿನ ಎದುರು ಕೂತು ಅರ್ಧ ಗಂಟೆ ಮಾತಾಡಿದೆ. ಬೀಪಾತುಮ್ಮ ಬಾಗಿಲಲ್ಲಿ ನಿಂತು ನಗಾಡಿದರು. "ಹೆಂಡತಿ ಇರುವಾಗ ನಾಲ್ಕು ಮಾತಿಗೆ ಬರಗಾಲ, ಈಗ ಬೆಕ್ಕಿಗೆ ಭಾಷಣವಾ ಮಾರಾಯ್ರೆ?" ನಾನೂ ನಕ್ಕೆ. ಅವರು ಬಟನ್ ಒತ್ತಿದರೆ ಸಾಕು, ಬೆಕ್ಕು ಮೀನು ತಿಂದು ಟೇಪಿಗೆ ಒರಗಿ ಮಲಗುತ್ತದಂತೆ. ರೋಮವೂ ಬರ್ತಾ ಉಂಟು.

ಆ ಕ್ಯಾಸೆಟ್ ನಿನ್ನ ಉಮ್ಮನದ್ದು ಮಗಳೇ. ನಾನು ದೂರದ ದಮ್ಮಾಮಿನಲ್ಲಿ ದುಡಿಯುತ್ತಿದ್ದಾಗ ಅವಳು ಮಾತು ತುಂಬಿಸಿ, ಅಲ್ಲಿಗೆ ಬರುವವರ ಕೈಯಲ್ಲಿ ಕಳಿಸಿದ್ದು. ನೀನು ಮಗ್ಗಿ ಹೇಳಿದ್ದೂ ಅದರಲ್ಲೇ. ಮೇಲೆ ಏನೂ ಬರೆದಿರಲಿಲ್ಲ, ಖಾಲಿ ಎಂದು ತಿಳಿದು ಹಾಕಿಬಿಟ್ಟೆ, ಅವಳದ್ದೆಲ್ಲ ಅಳಿಸಿಹೋಯಿತು. ಅವಳ ಸ್ವರ ಇದ್ದದ್ದು ಅದೊಂದೇ. ಮಿಸ್ಟೇಕ್ ಎಂದರೆ ಸಣ್ಣ ಶಬ್ದವಾಯಿತು, ದೊಡ್ಡ ಶಬ್ದ ನನಗೆ ನೆನಪಾಗುವುದಿಲ್ಲ. ಕ್ಷಮೆ ಕೇಳಲಿಕ್ಕೂ ಮುಖ ಇಲ್ಲ.

ಅಳಿಯನಿಗೆ ಸಲಾಂ ಹೇಳು. ನಿನಗೂ ಮಗುವಿಗೂ ಅಲ್ಲಾಹನು ಆರೋಗ್ಯ ಕೊಡಲಿ.

ನಿನ್ನ ಉಪ್ಪ,
ಮೊಯಿದಿನಬ್ಬ

ವಿ.ಸೂ.: ಪತ್ರ ಮಡಚಿದ್ದೆ, ಪುನಃ ಬಿಡಿಸಿದೆ. ಖಾಲಿ ಎಂದು ತಿಳಿದೆ ಅಂದದ್ದು ಸುಳ್ಳು. ಮೊದಲು ಹಾಕಿ ಕೇಳಿದ್ದೆ, ಪೂರ್ತಿ. ನಿನ್ನ ಮಗ್ಗಿ ಮುಗಿದ ಮೇಲೆ ಅವಳು ಹೇಳ್ತಾಳೆ: "ಸೀರೆ ಸಿಕ್ಕಿತು, ಟಾರ್ಚೂ ಸಿಕ್ಕಿತು. ನೀವು ಬಾರದೆ ಮೂರು ವರ್ಷ ಆಯಿತು. ಇನ್ನು ಸಾಮಾನು ಬೇಡ, ಒಂದು ಕ್ಯಾಸೆಟ್ ತುಂಬಿಸಿ ಕಳಿಸಿ. ಮಾತು ಬಾರದಿದ್ದರೆ ಕೆಮ್ಮಿಯಾದರೂ ಕಳಿಸಿ." ನಾನು ಕಳಿಸಲಿಲ್ಲ. ರೂಮಿನವರು ನಗ್ತಾರೆಂದು. ಅದನ್ನು ನೀನು ಕೇಳಬಾರದೆಂದು, ಹಿಂದೆ ತಿರುಗಿಸಿ, ಗೊತ್ತಿದ್ದೇ ರೆಕಾರ್ಡಿಂಗಿನ ಕೆಂಪು ಬಟನ್ ಒತ್ತಿದೆ. "ಹೆದರಬೇಡ, ನಾಳೆ ಬರ್ತೇನೆ" ಎಂದು ಬೆಕ್ಕಿಗೆ ಹೇಳಿದೆ.

ಬೆಳಕು ಹೋಗ್ತಾ ಉಂಟು. ಬರೆದದ್ದು ಕಾಣುವುದಿಲ್ಲ.